ವಲೆಟ್ಟಾದಲ್ಲಿ ಬಸ್ ಹತ್ತುವುದು ಹೇಗೆ

ಮಾಲ್ಟಾಕ್ಕೆ ಹೊರಟವರು ನನ್ನನ್ನು ಮೊದಲು ಕೇಳುವುದು, ಅಲ್ಲಿ ಕಾರು ಬಾಡಿಗೆಗೆ ಹಿಡಿಯಬೇಕಾ ಅಂತ. ಬೇಡ. ದ್ವೀಪದ ಈ ತುದಿಯಿಂದ ಆ ತುದಿಗೆ ಹೆಚ್ಚೆಂದರೆ 27 ಕಿಲೋಮೀಟರ್. ರಸ್ತೆಗಳು ಕಿರಿದು, ಕಾರುಗಳು ವಿಪರೀತ, ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ ಕಳೆದುಹೋಗುತ್ತದೆ. ರೈಲಿಲ್ಲ, ಮೆಟ್ರೋ ಇಲ್ಲ, ಟ್ರಾಮ್ ಇಲ್ಲ. ಇರುವುದು ಬಸ್ಸು ಮತ್ತು ದೋಣಿ. ಇವೆರಡರಲ್ಲೇ ಒಂದು ವಾರ ಆರಾಮಾಗಿ ಓಡಾಡಬಹುದು, ಆದರೆ ಒಂದು ವಿಷಯ ಗೊತ್ತಿರಬೇಕು. ಸಾಧ್ಯವಾದಾಗಲೆಲ್ಲ ಬಸ್ಸು ಹೊರಡುವ ಜಾಗದಿಂದಲೇ ಹತ್ತಿ. ನಡುದಾರಿಯಲ್ಲಿ ಕಾಯಬೇಡಿ. ಮಾಲ್ಟಾದ ಬಸ್ಸುಗಳ ಬಗ್ಗೆ ಪ್ರವಾಸಿಗರು ಹೇಳುವ ದೂರುಗಳಲ್ಲಿ ಮುಕ್ಕಾಲು ಪಾಲು ಈ ಒಂದು ಮಾತಿನಿಂದ ಕಮ್ಮಿಯಾಗುತ್ತದೆ.

ಬಹುತೇಕ ಬಸ್ಸುಗಳು ಹೊರಡುವುದು ರಾಜಧಾನಿ ವಲೆಟ್ಟಾದಿಂದ. ಊರಿನ ಹೆಬ್ಬಾಗಿಲಿನ ಹೊರಗೆ ಟ್ರೈಟನ್ ಕಾರಂಜಿ ಇದೆ, ಕಂಚಿನ ಮೂರು ದೈತ್ಯರು ದೊಡ್ಡ ತಟ್ಟೆಯೊಂದನ್ನು ಎತ್ತಿ ಹಿಡಿದಿರುವುದು. ಅದರ ಸುತ್ತಮುತ್ತಲೇ ಬಸ್ ಸ್ಟ್ಯಾಂಡ್. ಹಿಂದೆ ಬಸ್ಸುಗಳು ಈ ಕಾರಂಜಿಯನ್ನೇ ಸುತ್ತುವರಿದು ನಿಲ್ಲುತ್ತಿದ್ದವು. 2018ರಲ್ಲಿ ಅದನ್ನು ದುರಸ್ತಿ ಮಾಡಿ ಮತ್ತೆ ತೆರೆದಾಗ ಸುತ್ತಲಿನ ಜಾಗವನ್ನು ನಡೆಯುವವರಿಗೆ ಬಿಟ್ಟುಕೊಟ್ಟರು, ಬಸ್ಸುಗಳು ಪಕ್ಕಕ್ಕೆ ಸರಿದವು. ಈಗ ಬಸ್ಸು ನಿಲ್ಲುವ ಜಾಗಗಳಿಗೆ ಎ, ಬಿ, ಸಿ, ಡಿ ಅಂತ ಅಕ್ಷರ, ಜೊತೆಗೆ ಒಂದು ಅಂಕಿ. ನಿಮ್ಮ ಬಸ್ಸಿನ ನಂಬರ್ ಯಾವ ಜಾಗದಿಂದ ಹೊರಡುತ್ತದೆ ಅಂತ ಫಲಕದಲ್ಲಿ ನೋಡಿಕೊಂಡು ಹೋಗಿ ನಿಲ್ಲಿ. ಎ ಸಾಲಿಗೂ ಡಿ ಸಾಲಿಗೂ ನಡುವೆ ಸ್ವಲ್ಪ ನಡಿಗೆ ಇದೆ. ಕೊನೇ ನಿಮಿಷದಲ್ಲಿ ಓಡುವುದಕ್ಕಿಂತ ಐದು ನಿಮಿಷ ಮುಂಚೆ ಹೋಗುವುದು ಒಳ್ಳೆಯದು.

ಇಲ್ಲಿಂದಲೇ ಹತ್ತಿ ಅಂತ ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಬೇಸಿಗೆಯಲ್ಲಿ ಬಸ್ಸುಗಳು ಬೇಗ ತುಂಬುತ್ತವೆ. ತುಂಬಿದ ಬಸ್ಸು ನಡುವಿನ ಸ್ಟಾಪ್‌ಗಳಲ್ಲಿ ನಿಲ್ಲುವುದಿಲ್ಲ. ಮುಂದಿನ ಬೋರ್ಡಿನಲ್ಲಿ ಬಸ್ ಫುಲ್ ಅಂತ ತೋರಿಸಿಕೊಂಡು ಸೀದಾ ಹೋಗಿಬಿಡುತ್ತದೆ. ಕಡಲತೀರದ ಊರುಗಳಿಂದ ಸಂಜೆ ವಾಪಸ್ ಬರುವಾಗ ಹೀಗೆ ಎರಡು ಮೂರು ಬಸ್ಸು ಕಣ್ಣೆದುರೇ ಹೋಗುವುದು ಮಾಮೂಲಿ. ಅದೇ ಮೊದಲ ಸ್ಟಾಪ್‌ನಲ್ಲಿ ಹತ್ತಿದರೆ ಕೂರಲು ಸೀಟೂ ಸಿಗುತ್ತದೆ. ಹಾಗಾಗಿ ಉಳಿದುಕೊಳ್ಳುವ ಜಾಗ ಹುಡುಕುವಾಗಲೇ ಇದನ್ನು ಮನಸ್ಸಿನಲ್ಲಿಡಿ. ವಲೆಟ್ಟಾದ ಒಳಗೆ, ಇಲ್ಲವೇ ಅದಕ್ಕೆ ಅಂಟಿಕೊಂಡೇ ಇರುವ ಫ್ಲೋರಿಯಾನಾದಲ್ಲಿ ರೂಮ್ ಮಾಡಿದರೆ ಬೆಳಗ್ಗೆ ಎದ್ದು ನಡೆದುಕೊಂಡೇ ಸ್ಟ್ಯಾಂಡಿಗೆ ಬರಬಹುದು. ಹೆಚ್ಚಿನವರು ಸ್ಲೀಮಾ, ಸೇಂಟ್ ಜೂಲಿಯನ್ಸ್ ಕಡೆ ಉಳಿಯುತ್ತಾರೆ. ಅಲ್ಲಿ ಸಮುದ್ರದಂಡೆ, ಹೋಟೆಲು, ಓಡಾಟ ಎಲ್ಲ ಜಾಸ್ತಿ, ನಿಜ. ಆದರೆ ದಿನಾ ದ್ವೀಪ ಸುತ್ತುವ ಆಸೆ ಇದ್ದರೆ ವಲೆಟ್ಟಾನೇ ವಾಸಿ.

ಈಗ ದುಡ್ಡಿನ ವಿಷಯ. ಬಸ್ಸಿನಲ್ಲಿ ಕಂಡಕ್ಟರ್ ಇಲ್ಲ, ಟಿಕೆಟ್ ಕೊಡುವುದು ಡ್ರೈವರೇ. ಒಂದು ಟಿಕೆಟ್‌ಗೆ ಚಳಿಗಾಲದ ದರ 2 ಯೂರೋ. ಜೂನ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಬೇಸಿಗೆ ದರ, 2.50 ಯೂರೋ. ಎರಡು ಸ್ಟಾಪ್ ಹೋದರೂ ಅಷ್ಟೇ, ದ್ವೀಪದ ಕೊನೆಗೆ ಹೋದರೂ ಅಷ್ಟೇ. ಈ ಟಿಕೆಟ್ 2 ಗಂಟೆ ನಡೆಯುತ್ತದೆ, ಅಷ್ಟರೊಳಗೆ ಬಸ್ಸು ಬದಲಾಯಿಸಬಹುದು. ಹಾಗಾಗಿ ಕಾಗದದ ಟಿಕೆಟ್ ತಗೊಂಡರೆ ಎಸೆಯಬೇಡಿ, ಮುಂದಿನ ಬಸ್ಸಿಗೆ ಬೇಕಾಗುತ್ತದೆ. ಟಿಡಿ ಅಂತ ಶುರುವಾಗುವ ನೇರ ಬಸ್ಸುಗಳಿಗೂ ರಾತ್ರಿ ಬಸ್ಸುಗಳಿಗೂ ದರ ಬೇರೆ, 3 ಯೂರೋ.

ಕೈಯಲ್ಲಿ ಚಿಲ್ಲರೆ ಇರಲಿ. ದೊಡ್ಡ ನೋಟು ಕೊಟ್ಟರೆ ಡ್ರೈವರ್ ಹತ್ತಿರ ಚಿಲ್ಲರೆ ಇರುವುದಿಲ್ಲ, ಹಿಂದೆ ಸಾಲು ನಿಂತಿರುತ್ತದೆ, ಇಬ್ಬರಿಗೂ ಮುಜುಗರ. ಅದಕ್ಕಿಂತ ಸುಲಭವಾದ ದಾರಿ ಅಂದರೆ ಟ್ಯಾಪ್ ಮಾಡುವ ಬ್ಯಾಂಕ್ ಕಾರ್ಡ್ ಅಥವಾ ಫೋನ್. ಬಾಗಿಲ ಬಳಿ ಇರುವ ಯಂತ್ರಕ್ಕೆ ತಾಗಿಸಿದರೆ ಆಯಿತು. ಬಸ್ಸು ಬದಲಿಸಿದಾಗಲೂ ಅದೇ ಕಾರ್ಡನ್ನು ತಾಗಿಸಿ. ಒಂದು ಸಲ ಫೋನು, ಇನ್ನೊಂದು ಸಲ ಕಾರ್ಡು ಅಂತ ಮಾಡಿದರೆ ಯಂತ್ರಕ್ಕೆ ನೀವು ಇಬ್ಬರು ಬೇರೆ ಬೇರೆ ಜನ. ಮನೆಮಂದಿ ಒಟ್ಟಿಗೆ ಹೋಗುತ್ತಿದ್ದರೆ ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಇದ್ದಾಗ ಗೊಂದಲವೇ ಇರುವುದಿಲ್ಲ.

ಇನ್ನು ಪಾಸ್. ಪ್ರವಾಸಿಗರಿಗೆ ಎಕ್ಸ್‌ಪ್ಲೋರ್ ಕಾರ್ಡ್ ಅಂತ ಒಂದಿದೆ, ಏಳು ದಿನ ಎಷ್ಟು ಸಲ ಬೇಕಾದರೂ ಓಡಾಡಬಹುದು. ದೊಡ್ಡವರಿಗೆ 25 ಯೂರೋ. ಸುಮ್ನೆ ತಗೋಬೇಡಿ, ಲೆಕ್ಕ ಹಾಕಿ. ಬೇಸಿಗೆಯಲ್ಲಿ ಹತ್ತು ಟಿಕೆಟ್‌ಗೆ 25 ಯೂರೋ ಆಗುತ್ತದೆ, ಚಳಿಗಾಲದಲ್ಲಿ ಹನ್ನೆರಡೂವರೆಗೆ. ಐದಾರು ದಿನ ಇದ್ದು ದಿನಾ ಹೋಗಿ ಬಂದು ಮಾಡುವವರಿಗೆ ಪಾಸ್ ಲಾಭ. ಮೂರೇ ದಿನ ಇದ್ದು, ಅದರಲ್ಲಿ ಒಂದು ದಿನ ವಲೆಟ್ಟಾದಲ್ಲೇ ನಡೆಯುವವರಿಗೆ ನಷ್ಟ. ಇನ್ನೊಂದು ಕಾರ್ಡ್‌ನಲ್ಲಿ ಹನ್ನೆರಡು ಪ್ರಯಾಣ ಇರುತ್ತದೆ, ಅದನ್ನು ಜೊತೆಯವರೊಂದಿಗೆ ಹಂಚಿಕೊಳ್ಳಬಹುದು. ಇಬ್ಬರು ಮೂರು ದಿನಕ್ಕೆ ಹೋದರೆ ನನ್ನ ಮತ ಅದಕ್ಕೇ. ಎರಡೂ ಏರ್‌ಪೋರ್ಟ್‌ನಲ್ಲಿ, ವಲೆಟ್ಟಾ ಸ್ಟ್ಯಾಂಡಿನಲ್ಲಿ ಸಿಗುತ್ತವೆ. ಅಲ್ಲಿಯ ನಿವಾಸಿಗಳು ತಮ್ಮ ಹೆಸರಿನ ಕಾರ್ಡ್ ತೋರಿಸಿ ಉಚಿತವಾಗಿ ಹೋಗುತ್ತಾರೆ. 2022ರ ಅಕ್ಟೋಬರ್‌ನಿಂದ ಅವರಿಗೆ ಹಾಗೆ ಮಾಡಿದ್ದಾರೆ. ನಿಮ್ಮ ಮುಂದಿದ್ದವರು ಕಾಸು ಕೊಡದೆ ಹೋದರು ಅಂತ ಗಾಬರಿಯಾಗಬೇಡಿ, ನಮಗೆ ಅದು ಇಲ್ಲ.

ಬಸ್ಸು ಹತ್ತುವ ರೀತಿಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನಾನೇ ಇದರಲ್ಲಿ ಎಡವಿದ್ದೆ. ಮೊದಲ ದಿನ ಒಂದು ಸ್ಟಾಪ್‌ನಲ್ಲಿ ನಿಂತಿದ್ದೆ, ನನ್ನ ನಂಬರಿನ ಬಸ್ಸೇ ಬಂತು, ಒಳಗೆ ಜಾಗವೂ ಇತ್ತು, ನಿಲ್ಲಲಿಲ್ಲ. ಪಕ್ಕದಲ್ಲಿದ್ದ ಅಜ್ಜಿ ಒಂದು ಕೈ ಮೇಲೆತ್ತಿ ತೋರಿಸಿದರು, ಹೀಗೆ ಮಾಡಬೇಕಿತ್ತು ಅಂತ. ಅಲ್ಲಿ ಸ್ಟಾಪ್‌ನಲ್ಲಿ ಸುಮ್ಮನೆ ನಿಂತರೆ ಸಾಲದು. ಒಂದೇ ಸ್ಟಾಪ್‌ಗೆ ಹತ್ತು ನಂಬರಿನ ಬಸ್ಸು ಬರುತ್ತವೆ, ನೀವು ಯಾವುದಕ್ಕೆ ಕಾಯುತ್ತಿದ್ದೀರಿ ಅಂತ ಡ್ರೈವರ್‌ಗೆ ಗೊತ್ತಾಗುವುದು ನಿಮ್ಮ ಕೈ ನೋಡಿಯೇ. ಬಸ್ಸು ದೂರದಲ್ಲಿರುವಾಗಲೇ ಕೈ ಚಾಚಿ. ಮುಂದಿನ ಬಾಗಿಲಲ್ಲಿ ಹತ್ತಿ, ಹಿಂದಿನ ಬಾಗಿಲಲ್ಲಿ ಇಳಿಯಿರಿ. ಇಳಿಯುವ ಮುಂಚೆ ಕಂಬದ ಮೇಲಿನ ಗುಂಡಿ ಒತ್ತಿ, ಒತ್ತದಿದ್ದರೆ ಮುಂದೆ ಹೋಗುತ್ತದೆ.

ಮಾಲ್ಟಾದಲ್ಲಿ ವಾಹನಗಳು ಎಡಗಡೆ ಹೋಗುತ್ತವೆ. 1964ರವರೆಗೆ ಬ್ರಿಟಿಷರ ಕೈಯಲ್ಲಿದ್ದ ದ್ವೀಪ ಅದು. ಹಾಗಾಗಿ ಸ್ಟಾಪ್‌ನಲ್ಲಿ ರಸ್ತೆಗೆ ಮುಖ ಮಾಡಿ ನಿಂತರೆ ನಿಮ್ಮ ಬಸ್ಸು ಬಲದಿಂದ ಬರುತ್ತದೆ. ಯುರೋಪಿನ ಬೇರೆ ಊರುಗಳಲ್ಲಿ ಒಂದು ವಾರ ಸುತ್ತಿ ಬಂದವರು ಇಲ್ಲಿ ತಪ್ಪು ಬದಿಯಲ್ಲಿ ನಿಲ್ಲುವುದು ತುಂಬಾ ಸಾಮಾನ್ಯ.

ನಿಜವಾದ ಕಷ್ಟ ಇರುವುದು ಹೆಸರುಗಳಲ್ಲಿ. ಬಸ್ಸಿನ ಬೋರ್ಡಿನಲ್ಲಿ ಊರಿನ ಹೆಸರು ಮಾಲ್ಟೀಸ್ ಭಾಷೆಯಲ್ಲಿರುತ್ತದೆ. ಅರಬ್ಬೀ ಬೇರಿನ ಭಾಷೆ, ಬರೆಯುವುದು ಮಾತ್ರ ಇಂಗ್ಲಿಷ್ ಬರೆಯುವ ಲಿಪಿಯಲ್ಲೇ, ಹಾಗಾಗಿ ಇಂಗ್ಲಿಷಿನ ಹಾಗೆ ಓದಿ ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ. ನಾಲ್ಕೈದು ಅಕ್ಷರ ಕಲಿತರೆ ಸಾಕು. ಎಕ್ಸ್ ಕಂಡರೆ ಶ ಅಂತ ಓದಿ, ಮಾರ್ಸಾಶ್ಲೊಕ್, ಶ್ಲೆಂಡಿ. ಮೇಲೆ ಚುಕ್ಕೆ ಇರುವ ಸಿ ಅಂದರೆ ಚ, ಚಿರ್ಕೆವ್ವಾ. ಮೇಲೆ ಚುಕ್ಕೆ ಇರುವ ಜಿ ಅಂದರೆ ಜ. ಜೆ ಅಕ್ಷರಕ್ಕೆ ಮಾತ್ರ ಯ ಸದ್ದು. ಸೇಂಟ್ ಜೂಲಿಯನ್ಸ್ ಹೆಸರನ್ನು ಬೋರ್ಡಿನಲ್ಲಿ ಸಾನ್ ಜಿಲ್ಯಾನ್ ಅಂತ ಓದಬೇಕಾಗುವುದು ಹೀಗೆ. ಜಿ ಮತ್ತು ಅಡ್ಡಗೆರೆಯ ಎಚ್ ಒಟ್ಟಿಗೆ ಬಂದರೆ ಬಹುಪಾಲು ಸದ್ದೇ ಇಲ್ಲ. ಈ ಉಚ್ಚಾರಗಳು ಕನ್ನಡದಲ್ಲಿ ಬರೆದುಕೊಳ್ಳಲು ತುಂಬಾ ಸುಲಭ. ನಾನು ಹೋಗಬೇಕಾದ ಊರುಗಳ ಹೆಸರನ್ನು ಫೋನಿನಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಂಡು ಹಾಗೇ ಓದಿ ಹೇಳುತ್ತಿದ್ದೆ, ಡ್ರೈವರ್‌ಗಳಿಗೆ ಒಂದೇ ಸಲಕ್ಕೆ ತಿಳಿಯುತ್ತಿತ್ತು. ಇಂಗ್ಲಿಷ್ ಎಲ್ಲರಿಗೂ ಬರುತ್ತದೆ, ಅದರಲ್ಲಿ ತೊಂದರೆಯಿಲ್ಲ. ಊರಿನ ಹೆಸರು ತಪ್ಪಿದರೆ ಮಾತ್ರ ತೊಂದರೆ.

ಒಂದೇ ಊರಿಗೆ ಎರಡು ಹೆಸರು, ಎರಡು ಊರಿಗೆ ಒಂದೇ ಹೆಸರು, ಇದೂ ಇದೆ. ವಲೆಟ್ಟಾದ ಎದುರಿನ ದಡದ ಮೂರು ಊರುಗಳನ್ನು ಗೈಡ್ ಪುಸ್ತಕಗಳು ವಿಟ್ಟೋರಿಯೋಸಾ, ಸೆಂಗ್ಲಿಯಾ, ಕೊಸ್ಪಿಕುವಾ ಅನ್ನುತ್ತವೆ. ಊರಿನವರು, ಬಸ್ಸಿನವರು ಬಿರ್ಗು, ಇಸ್ಲಾ, ಬೊರ್ಮ್ಲಾ ಅನ್ನುತ್ತಾರೆ. ಇಮ್‌ಜಾರ್ ಅಂತ ಮಾಲ್ಟಾದಲ್ಲಿ ಒಂದು ಹಳ್ಳಿ ಇದೆ, ಪಕ್ಕದ ಗೋಝೋ ದ್ವೀಪದ ಬಂದರಿನ ಹೆಸರೂ ಇಮ್‌ಜಾರ್. ಗೋಝೋಗೆ ಹೋಗಬೇಕಾದವರು 44ನೇ ನಂಬರ್ ಹತ್ತಿದರೆ ಹಳ್ಳಿಯ ಇಮ್‌ಜಾರ್ ತಲುಪಿ, ಮುಂದೆ ಆಯ್ನ್ ತುಫ್ಫೀಹಾ ಬೀಚಿಗೆ ಹೋಗಿ ಇಳಿಯುತ್ತಾರೆ. ಬೀಚು ಚೆನ್ನಾಗಿದೆ, ಆದರೆ ಅಲ್ಲಿಂದ ಗೋಝೋ ದೋಣಿ ಇಲ್ಲ. ರಬಾತ್ ಕೂಡ ಹಾಗೇ. ಇಮ್‌ದೀನಾ ಕೋಟೆಯ ಪಕ್ಕದ ಊರು ರಬಾತ್. ಗೋಝೋದ ಮುಖ್ಯ ಪಟ್ಟಣ ವಿಕ್ಟೋರಿಯಾವನ್ನೂ ಅಲ್ಲಿನ ಜನ ರಬಾತ್ ಅಂತಲೇ ಕರೆಯುತ್ತಾರೆ, ವಿಕ್ಟೋರಿಯಾ ಅನ್ನುವ ಹೆಸರು ಬಂದಿದ್ದು 1887ರಲ್ಲಿ.

ಇಷ್ಟು ಗೊತ್ತಾದ ಮೇಲೆ ನಂಬರ್‌ಗಳನ್ನು ನೆನಪಿಡುವುದು ಕಷ್ಟವಲ್ಲ. ಇಮ್‌ದೀನಾ ಮತ್ತು ರಬಾತ್‌ಗೆ 51, 52, 53, ಯಾವುದು ಮೊದಲು ಬಂತೋ ಅದು. ಕೋಟೆಬಾಗಿಲ ಹತ್ತಿರವೇ ಇಳಿಯಬಹುದು. ಆದಷ್ಟು ಸಂಜೆಗೆ ಹೋಗಿ, ಗುಂಪುಗಳು ಹೊರಟುಹೋದ ಮೇಲೆ ಆ ಓಣಿಗಳಲ್ಲಿ ನಡೆಯುವುದು ನನಗೆ ಇಡೀ ಪ್ರವಾಸದಲ್ಲೇ ಹೆಚ್ಚು ಇಷ್ಟವಾದದ್ದು. ಬಿರ್ಗುಗೆ 2, ಇಸ್ಲಾಗೆ 1. ಸ್ಲೀಮಾ, ಸೇಂಟ್ ಜೂಲಿಯನ್ಸ್ ಕಡೆಗೆ 13, 14, 16.

ಮಾರ್ಸಾಶ್ಲೊಕ್‌ಗೆ 81 ಮತ್ತು 85. ಇದು ಮೀನುಗಾರರ ಊರು, ಮೂತಿಗೆ ಎರಡು ಕಣ್ಣು ಬರೆದ ಬಣ್ಣಬಣ್ಣದ ದೋಣಿಗಳಿರುತ್ತವಲ್ಲ, ಆ ಚಿತ್ರಗಳೆಲ್ಲ ಇಲ್ಲಿಯವೇ. ಭಾನುವಾರ ದೊಡ್ಡ ಸಂತೆ. ಸಂತೆ ನೋಡಲೇಬೇಕು ಅನ್ನುವವರು ವಲೆಟ್ಟಾದಿಂದ ಬೆಳಗ್ಗೆ ಎಂಟರೊಳಗೆ ಹೊರಡಿ, ಹತ್ತಕ್ಕೆ ಅಂದರೆ ಹೋಗುವಾಗ ನಿಂತೇ ಹೋಗಬೇಕು, ಬರುವಾಗ ಹತ್ತಲು ಸಾಲು ನಿಲ್ಲಬೇಕು. ಬರೀ ಊರು, ದೋಣಿ ನೋಡಲು ಹೋಗುವವರಿಗೆ ವಾರದ ಬೇರೆ ಯಾವ ದಿನವಾದರೂ ಚೆನ್ನ.

ಹಜಾರ್ ಈಮ್ ಅನ್ನುವ ಕಲ್ಲಿನ ದೇವಾಲಯಗಳಿಗೆ 74. ಐದು ಸಾವಿರ ವರ್ಷಕ್ಕೂ ಹಳೆಯವು, ಸಮುದ್ರಕ್ಕೆ ಮುಖ ಮಾಡಿ ಬಯಲಿನಲ್ಲಿ ನಿಂತಿವೆ. ಇದೇ ಬಸ್ಸಿನ ದಾರಿಯಲ್ಲಿ ಬ್ಲೂ ಗ್ರೊಟ್ಟೊ ಗುಹೆಗಳೂ ಇವೆ, ಹಾಗಾಗಿ ಎರಡನ್ನೂ ಒಂದೇ ದಿನ ಇಟ್ಟುಕೊಳ್ಳಿ. ಬೆಳಗ್ಗೆ ಮೊದಲು ಗುಹೆ, ಆಮೇಲೆ ದೇವಾಲಯ. ಗುಹೆಯ ನೀರಿನ ನೀಲಿ ಚೆನ್ನಾಗಿ ಕಾಣುವುದು ಬೆಳಗಿನ ಬಿಸಿಲಿಗೆ, ಅಲೆ ಜೋರಿದ್ದರೆ ದೋಣಿಯೇ ಬಿಡುವುದಿಲ್ಲ. ಈ ಕಡೆಗೆ 201 ಅಂತ ಇನ್ನೊಂದು ಬಸ್ಸೂ ಇದೆ, ರಬಾತ್‌ನಿಂದ ಡಿಂಗ್ಲಿ ಬಂಡೆಗಳ ಅಂಚಿನಲ್ಲಿ ಹೋಗಿ ಹಜಾರ್ ಈಮ್ ದಾಟಿ ಏರ್‌ಪೋರ್ಟ್ ಸೇರುತ್ತದೆ. ಅದು ಆಗಾಗ ಬರುವ ಬಸ್ಸಲ್ಲ. ಸಮಯ ನೋಡಿಕೊಂಡು, ಬಲಗಡೆ ಕಿಟಕಿ ಪಕ್ಕ ಕೂತು ಒಮ್ಮೆಯಾದರೂ ಹೋಗಿ. ಹಳ್ಳಿ, ಕಲ್ಲುಗೋಡೆ ಕಟ್ಟಿದ ಹೊಲ, ಕೆಳಗೆ ಸಮುದ್ರ. ಆ ಒಂದು ಪ್ರಯಾಣಕ್ಕೇ ಟಿಕೆಟ್ ದುಡ್ಡು ವಸೂಲಿ.

ಈ ಬಸ್ಸುಗಳಲ್ಲೆಲ್ಲ ಟೈಮ್ ಟೇಬಲ್ ನಂಬಬಹುದಾ ಅಂತ ಕೇಳಿದರೆ, ಹೊರಡುವ ಸಮಯವನ್ನು ನಂಬಿ, ತಲುಪುವ ಸಮಯವನ್ನು ನಂಬಬೇಡಿ. ಬೆಳಗ್ಗೆ ಏಳರಿಂದ ಒಂಬತ್ತು, ಸಂಜೆ ನಾಲ್ಕರಿಂದ ಆರು ರಸ್ತೆ ತುಂಬಿರುತ್ತದೆ. ಸ್ಲೀಮಾ ಕಡೆಗೆ ಹೋಗುವ ದಾರಿಯಲ್ಲಿ ಇಮ್ಸೀದಾ ಅನ್ನುವ ಜಾಗದ ಸುತ್ತ ಬಸ್ಸು ನಿಂತೇ ಬಿಡುತ್ತದೆ. ತಾಲ್ಲಿನ್ಯಾ ಅನ್ನುವ ಆ್ಯಪ್ ಹಾಕಿಕೊಳ್ಳಿ, ನಿಮ್ಮ ಸ್ಟಾಪ್‌ಗೆ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಅಂತ ತೋರಿಸುತ್ತದೆ. ತಾಲ್-ಲಿನ್ಯಾ ಅಂದರೆ ಅಲ್ಲಿನ ಜನ ಬಸ್ಸಿಗೆ ಹೇಳುವ ಮಾತು. ವಯಸ್ಸಾದವರ ಬಾಯಲ್ಲಿ ಶರಬಾಂಕ್ ಅನ್ನುವ ಹಳೆಯ ಹೆಸರೂ ಕೇಳಬಹುದು. 2011ರ ಜುಲೈವರೆಗೆ ಓಡುತ್ತಿದ್ದ ಹಳದಿ ಬಸ್ಸುಗಳು ಬಹುಪಾಲು ಡ್ರೈವರ್‌ಗಳದ್ದೇ ಸ್ವಂತ, ಒಬ್ಬೊಬ್ಬರು ತಮ್ಮ ಬಸ್ಸನ್ನು ತಮಗೆ ಬೇಕಾದ ಹಾಗೆ ಸಿಂಗರಿಸುತ್ತಿದ್ದರು. ಅಂಗಡಿಗಳಲ್ಲಿ ಈಗ ಅವುಗಳ ಪುಟಾಣಿ ಗೊಂಬೆ ಮಾರುತ್ತಾರೆ.

ಸ್ಲೀಮಾಗೆ ಹೋಗುವವರು ಈ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುವ ಅಗತ್ಯವೇ ಇಲ್ಲ. ವಲೆಟ್ಟಾ ಇರುವುದು ಎರಡು ಬಂದರುಗಳ ನಡುವೆ ಚಾಚಿಕೊಂಡ ಗುಡ್ಡದ ಮೇಲೆ. ಒಂದು ಪಕ್ಕಕ್ಕೆ ಸ್ಲೀಮಾ, ಇನ್ನೊಂದು ಪಕ್ಕಕ್ಕೆ ಬಿರ್ಗು ಮತ್ತು ಅದರ ಜೊತೆಯ ಊರುಗಳು. ಬಸ್ಸು ಕೊಲ್ಲಿಯನ್ನು ಸುತ್ತಿಕೊಂಡು ಹೋಗಬೇಕು, ದೋಣಿ ಸೀದಾ ಹತ್ತು ನಿಮಿಷದೊಳಗೆ ದಾಟಿಬಿಡುತ್ತದೆ. ಎರಡೂ ಕಡೆಗೆ ದೋಣಿಗಳಿವೆ, ಟಿಕೆಟ್ ಮಾತ್ರ ಬಸ್ಸಿನದಲ್ಲ, ಬೇರೆ. ಬಿರ್ಗು ಕಡೆಯ ದೋಣಿಗೆ ಗುಡ್ಡ ಇಳಿಯಬೇಕು, ಅಪ್ಪರ್ ಬರಾಕಾ ತೋಟದ ಪಕ್ಕದಿಂದ ದೊಡ್ಡ ಲಿಫ್ಟ್ ಇದೆ, ಮೊಣಕಾಲು ನೋವಿರುವವರನ್ನು ಕರೆದುಕೊಂಡು ಹೋಗಿದ್ದರೆ ಅದು ದೊಡ್ಡ ಉಪಕಾರ. ವಲೆಟ್ಟಾದ ಒಳಗಂತೂ ನಡೆಯಿರಿ. ಹೆಬ್ಬಾಗಿಲಿನಿಂದ ತುದಿಯ ಸೇಂಟ್ ಎಲ್ಮೊ ಕೋಟೆಗೆ ಹೆಚ್ಚು ಕಮ್ಮಿ ಒಂದು ಕಿಲೋಮೀಟರ್. ಅಡ್ಡಬೀದಿಗಳಲ್ಲಿ ಮೆಟ್ಟಿಲು ಜಾಸ್ತಿ, ಏರಲಾಗದವರಿಗೆ 133ನೇ ನಂಬರ್ ಊರನ್ನು ಒಂದು ಸುತ್ತು ಹಾಕುತ್ತದೆ.

ಗೋಝೋಗೆ ಒಂದು ಇಡೀ ದಿನ ಬೇಕು. ವಲೆಟ್ಟಾದಿಂದ 41 ಅಥವಾ 42 ಹತ್ತಿ ಕೊನೇ ಸ್ಟಾಪ್ ಚಿರ್ಕೆವ್ವಾಗೆ ಹೋಗಿ, ಒಂದು ಗಂಟೆಗಿಂತ ಜಾಸ್ತಿಯೇ ಹಿಡಿಯುತ್ತದೆ. ಅಲ್ಲಿಂದ ದೊಡ್ಡ ಹಡಗು, 25 ನಿಮಿಷ. ಹೋಗುವಾಗ ಯಾರೂ ಟಿಕೆಟ್ ಕೇಳುವುದಿಲ್ಲ, ಗಾಬರಿಯಾಗಬೇಡಿ, ಹಣ ತಗೊಳ್ಳುವುದು ವಾಪಸ್ ಬರುವಾಗ, 4.65 ಯೂರೋ. ಆ ಕಡೆ ಬಂದರಿನ ಎದುರೇ ಬಸ್ಸು ನಿಂತಿರುತ್ತದೆ, 301, 303 ಅಥವಾ 323 ಹತ್ತಿದರೆ ವಿಕ್ಟೋರಿಯಾ. ಗೋಝೋದ ಬಹುತೇಕ ಬಸ್ಸುಗಳು ಅಲ್ಲಿಂದಲೇ ಕವಲೊಡೆಯುತ್ತವೆ, ಶ್ಲೆಂಡಿಗೆ 306, ಡ್ವೆಯ್ರಾಗೆ 311. ಡ್ವೆಯ್ರಾದ ಪ್ರಸಿದ್ಧ ಕಲ್ಲಿನ ಕಮಾನು 2017ರ ಮಾರ್ಚ್ 8ರಂದು ಬಿರುಗಾಳಿಗೆ ಕುಸಿದು ಸಮುದ್ರ ಸೇರಿತು, ಹಳೆಯ ಫೋಟೋ ನೋಡಿ ಹೋಗುವವರು ಇದನ್ನು ತಿಳಿದಿರಲಿ. ಆದರೂ ಆ ಕರಾವಳಿ ನೋಡುವಂಥದ್ದೇ. ಅಲ್ಲಿನ ಬಸ್ಸುಗಳು ವಿರಳ, ಹಾಗಾಗಿ ಇಳಿದ ಕೂಡಲೇ ವಾಪಸ್ ಬಸ್ಸಿನ ಸಮಯ ನೋಡಿಕೊಂಡು ಆಮೇಲೆ ಸುತ್ತಿ. ಹಗಲೆಲ್ಲ ಗೋಝೋದಲ್ಲಿ ಸುತ್ತಿ ದಣಿದವರಿಗೆ ಇನ್ನೊಂದು ದಾರಿಯಿದೆ. 2021ರಿಂದ ಇಮ್‌ಜಾರ್ ಬಂದರಿನಿಂದ ನೇರ ವಲೆಟ್ಟಾಕ್ಕೆ ಫಾಸ್ಟ್ ಫೆರಿ ಓಡುತ್ತಿದೆ, ಮುಕ್ಕಾಲು ಗಂಟೆ. ಹೋಗುವಾಗ ಬಸ್ಸು, ಬರುವಾಗ ಇದು ಅಂತ ಮಾಡಿದರೆ ಚಿರ್ಕೆವ್ವಾದ ಸಂಜೆಯ ಸಾಲು ತಪ್ಪುತ್ತದೆ.

ಬೇಸಿಗೆಯಲ್ಲಿ ಎರಡು ವಿಷಯ ನೆನಪಿಡಿ. ಎಷ್ಟೋ ಸ್ಟಾಪ್‌ಗಳಲ್ಲಿ ನೆರಳಿಲ್ಲ, ಒಂದು ಕಂಬ ಅಷ್ಟೇ, ನೀರು ಮತ್ತು ಟೋಪಿ ಬೇಕೇ ಬೇಕು. ಊರೂರಲ್ಲಿ ಜಾತ್ರೆಗಳಿರುತ್ತವೆ, ಅವರು ಫೆಸ್ತಾ ಅನ್ನುತ್ತಾರೆ. ಆ ದಿನ ಊರೊಳಗಿನ ರಸ್ತೆ ಮುಚ್ಚಿ ಬಸ್ಸನ್ನು ಬೇರೆ ದಾರಿಗೆ ತಿರುಗಿಸುತ್ತಾರೆ. ಆಗಸ್ಟ್ 15, ಸಾಂತಾ ಮರೀಯಾ ಹಬ್ಬ, ಹಲವು ಊರುಗಳಲ್ಲಿ ಒಟ್ಟಿಗೇ ಬರುತ್ತದೆ. ಸ್ಟಾಪ್‌ನಲ್ಲಿ ಬಸ್ಸು ಬರುತ್ತಿಲ್ಲ, ಎಲ್ಲೋ ಬ್ಯಾಂಡ್ ಕೇಳಿಸುತ್ತಿದೆ ಅಂದರೆ ಅಲ್ಲಿದ್ದ ಯಾರನ್ನಾದರೂ ಕೇಳಿ, ಬಸ್ಸು ಎಲ್ಲಿ ನಿಲ್ಲುತ್ತಿದೆ ಅಂತ ಊರವರಿಗೆ ಗೊತ್ತಿರುತ್ತದೆ.

ರಾತ್ರಿ ಹನ್ನೊಂದರ ಹೊತ್ತಿಗೆ ಹೆಚ್ಚಿನ ಬಸ್ಸುಗಳು ನಿಲ್ಲುತ್ತವೆ. ಶುಕ್ರವಾರ, ಶನಿವಾರ ಸೇಂಟ್ ಜೂಲಿಯನ್ಸ್‌ನ ಬಾರ್, ಕ್ಲಬ್‌ಗಳಿರುವ ಪಾಚೆವಿಲ್ ಕಡೆಯಿಂದ ಎನ್ ಅಕ್ಷರದ ರಾತ್ರಿ ಬಸ್ಸುಗಳಿರುತ್ತವೆ. ಬೇರೆ ದಿನ ಊಟಕ್ಕೆ ದೂರ ಹೋದರೆ ಕೊನೇ ಬಸ್ಸು ಯಾವಾಗ ಅಂತ ನೋಡಿಕೊಂಡೇ ಕೂರಿ.

ಊರಿಗೆ ಹೊರಡುವ ದಿನ ವಲೆಟ್ಟಾ ಸ್ಟ್ಯಾಂಡಿನಿಂದ ಎಕ್ಸ್4 ಹಿಡಿಯಿರಿ, ಬಂದ ದಿನವೂ ಏರ್‌ಪೋರ್ಟ್‌ನಿಂದ ಅದೇ. ರಸ್ತೆ ಖಾಲಿ ಇದ್ದರೆ ಅರ್ಧ ಗಂಟೆ ಸಾಕು, ಆದರೂ ಒಂದು ಗಂಟೆ ಇಟ್ಟುಕೊಳ್ಳಿ. ಪೆಟ್ಟಿಗೆ ಇಡಲು ಬಾಗಿಲ ಹತ್ತಿರ ಒಂದಿಷ್ಟು ಜಾಗ ಇರುತ್ತದೆ, ಮೊದಲು ಹತ್ತಿದವರದ್ದು ಅದು. ಹಾಗಾಗಿ ಆ ದಿನವೂ ಮೊದಲ ಸ್ಟಾಪ್‌ನಲ್ಲೇ ಹತ್ತಿ.